ಹಿರಣ್ಯಕೇಶಿಗೆ ಬಿಟ್ಟ ಕರಡುಗಳು

ಮೊದಲು ಕೃತಜ್ಞತೆ ಸಲ್ಲಲಿ. ಅರವತ್ತು ದಾಟಿದ ಈ ಶರೀರವನ್ನು ಇಂದಿಗೂ ಬೆಳಗಿನ ಪೂಜೆಗೆ ಕೂರಲು ಶಕ್ತವಾಗಿ ಇಟ್ಟಿರುವ, ಅಂಗೈಯಲ್ಲಿ ನೆಲೆಸಿ ಮೌನವಾಗಿ ನನ್ನನ್ನು ನೋಡುವ ಇಷ್ಟಲಿಂಗಕ್ಕೆ ಶರಣು. ಗಡಹಿಂಗ್ಲಜದ ಮಠದ ಪಡಸಾಲೆಯಲ್ಲಿ ಮರಳು ಹರವಿ, ನನ್ನ ತೋರುಬೆರಳನ್ನು ತಮ್ಮ ಕೈಯಲ್ಲಿ ಹಿಡಿದು ಮೊದಲ ಅಕ್ಷರ ತೀಡಿಸಿದ ಗುರುಗಳಿಗೆ ಶರಣು. ಮೂರು ದಶಕಗಳ ಕಾಲ ನನ್ನ ಮನೆಗೆ ಅನ್ನವನ್ನೂ ನನ್ನ ಹೆಸರಿಗೆ ಗೌರವವನ್ನೂ ಕೊಟ್ಟ ಪ್ರಾಥಮಿಕ ಶಾಲೆಯ ವೃತ್ತಿಗೆ ಶರಣು. ಈ ಬರಹದಲ್ಲಿ ಬರುವವರು ಯಾರೂ ತಮ್ಮನ್ನು ನೆನೆಯಿರೆಂದು ನನ್ನನ್ನು ಕೇಳಿದವರಲ್ಲ. ಕೇಳದೆಯೇ ನೆನೆಯುತ್ತಿದ್ದೇನೆ, ಅದಕ್ಕಾಗಿ ಅವರೆಲ್ಲರ ಅಪ್ಪಣೆಯನ್ನೂ ಇಲ್ಲಿಯೇ ಬೇಡಿಕೊಳ್ಳುತ್ತೇನೆ.

ಈ ವರ್ಷ ಮಿರಗದ, ಅಂದರೆ ಮೃಗಶಿರೆಯ ಮಳೆ ಹಿಡಿದ ವಾರ, ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಮಹಾರಾಷ್ಟ್ರದ ಮಗ್ಗಗಳ ಊರಾದ ಇಚಲಕರಂಜಿಯ ಶಹಾಪುರಕ್ಕೆ ಹೋಗಿದ್ದೆ. ರಿಕ್ಷಾದಿಂದ ಇಳಿದು ಗಲ್ಲಿಯಲ್ಲಿ ಹತ್ತು ಹೆಜ್ಜೆ ನಡೆದಿರಬೇಕು, ಒಂದು ಗೋಡೆಯಾಚೆಯಿಂದ ಕಾಂಜಿ ಕುದಿಯುವ ವಾಸನೆ ಬಂತು. ಮಗ್ಗಕ್ಕೇರುವ ಮೊದಲು ನೂಲು ಗಟ್ಟಿಯಾಗಲೆಂದು ಹಚ್ಚುವ ಗಂಜಿ ಅದು. ತುಸು ಹುಳಿ, ತುಸು ತಳ ಹಿಡಿದ ಅನ್ನದ ಹಾಗೆ. ಮಳೆಗಾಲದ ಭಾರವಾದ ಗಾಳಿಯಲ್ಲಿ ಆ ವಾಸನೆ ಮೇಲೇರುವುದಿಲ್ಲ, ಓಣಿಯಲ್ಲಿಯೇ ನಿಂತುಬಿಡುತ್ತದೆ. ತೊಟ್ಟಿಲ ಮನೆಯಲ್ಲಿ ಹೆಣ್ಣುಮಕ್ಕಳು ಜೋಗುಳ ಹಾಡುತ್ತಿದ್ದರು. ಹೊಸ ಕೂಸಿನ ಹಣೆ ಮುಟ್ಟಿ ಹರಸಿದೆನಾದರೂ, ನನ್ನ ಮನಸ್ಸು ಆ ಓಣಿಯ ಕೊನೆಯಲ್ಲಿದ್ದ ಕನ್ನಡ ಶಾಲೆಗೆ ಹೋಗಿಬಿಟ್ಟಿತ್ತು. ಆ ಶಾಲೆಯ ಮುಖ್ಯಾಧ್ಯಾಪಕನಾಗಿ ನಾನು ಕಳೆದ ಕೊನೆಯ ಮಳೆಗಾಲವನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಇಂದು ಹೇಳಬೇಕು.

ಮಹಾಮಾರಿಯಿಂದಾಗಿ ಮುಚ್ಚಿದ್ದ ಶಾಲೆಗಳು ತೆರೆದ ವರ್ಷ ಅದು. ಅಕ್ಷರ ಕಲಿಯಬೇಕಾದ ಎರಡು ವರ್ಷಗಳನ್ನು ಮನೆಯಲ್ಲಿ, ಮಗ್ಗದ ಶೆಡ್ಡುಗಳ ಹೊಸ್ತಿಲಲ್ಲಿ ಕಳೆದ ಮಕ್ಕಳು ನಾಲ್ಕನೆಯ ತರಗತಿಗೆ ಬಂದು ಕುಳಿತಿದ್ದರು. ಅವರ ಮನೆಯವರು ಅಥಣಿ, ಚಿಕ್ಕೋಡಿಯ ಕಡೆಯಿಂದ, ಗಡಿಯ ಹಳ್ಳಿಗಳಿಂದ ಮಗ್ಗದ ಕೆಲಸಕ್ಕೆ ಬಂದವರು. ಕೆಲವರದು ಇನ್ನೂ ಊರಲ್ಲಿ ಕುರಿಹಿಂಡು ಇತ್ತು. ಮಕ್ಕಳಿಗೆ ಮಾತು ಬರುತ್ತಿತ್ತು, ಬರಹ ಬರುತ್ತಿರಲಿಲ್ಲ.

ಬರಹ ಕಲಿಸಲು ನಮ್ಮಲ್ಲಿ ಒಂದೇ ದಾರಿ ಇತ್ತು. ಮಾಸ್ತರರು ಬೋರ್ಡಿನ ಮೇಲೆ ಪ್ರಬಂಧವನ್ನು ಬರೆಯುವರು. ಮಕ್ಕಳು ಅದನ್ನು ನೋಡಿ ವಹಿಯಲ್ಲಿ ಇಳಿಸಿಕೊಳ್ಳುವರು. ನನ್ನ ತಾಯಿ, ನಮ್ಮ ಶಾಲೆ, ಮಳೆಗಾಲ ಎಂಬ ಹತ್ತು ಹನ್ನೆರಡು ವಿಷಯಗಳು ವರ್ಷದಿಂದ ವರ್ಷಕ್ಕೆ ಅದೇ ವಾಕ್ಯಗಳಲ್ಲಿ ಬರುತ್ತಿದ್ದವು. ತಪಾಸಣೆಗೆ ಬಂದ ಸಾಹೇಬರು ಯಾವ ವಹಿಯನ್ನು ತೆರೆದರೂ ತಪ್ಪು ಸಿಗುತ್ತಿರಲಿಲ್ಲ. ನಾನು ಹಳಗನ್ನಡ ಕಾವ್ಯವನ್ನೂ ಸಂಸ್ಕೃತ ವ್ಯಾಕರಣವನ್ನೂ ಗುರುಮುಖದಿಂದ ಕಲಿತವನು. ಉತ್ತಮವಾದದ್ದನ್ನು ಕಣ್ಣಮುಂದೆ ಇಟ್ಟು ಅನುಕರಿಸುವುದೇ ವಿದ್ಯೆ ಎಂಬುದು ನನ್ನ ರಕ್ತದಲ್ಲಿತ್ತು. ಅದು ಪೂರ್ತಿ ಸುಳ್ಳೆಂದು ಇಂದಿಗೂ ಹೇಳಲಾರೆ.

ಆ ವರ್ಷ ನಾಲ್ಕನೆಯ ತರಗತಿಗೆ ಸುವರ್ಣಾ ಬಂದಳು. ಗಡಹಿಂಗ್ಲಜ ತಾಲೂಕಿನ ಕನ್ನಡ ಹಳ್ಳಿಯ ಹುಡುಗಿ. ಆಜರಾದಲ್ಲಿ ಗೋಡಂಬಿ, ಅಕ್ಕಿಯ ಅಂಗಡಿ ಇಟ್ಟುಕೊಂಡಿದ್ದ ಮನೆಗೆ ಸೊಸೆಯಾಗಿದ್ದಳು. ಶಹಾಪುರದಲ್ಲಿ ಒಂದು ಕೋಣೆ ಹಿಡಿದಿದ್ದಳು. ಅವಳಿನ್ನೂ ಶಿಕ್ಷಣ ಸೇವಕಿ, ಅಂದರೆ ಕಾಯಂ ಆಗುವ ಮೊದಲಿನ ಮೂರು ವರ್ಷಗಳ ಪರೀಕ್ಷೆಯಲ್ಲಿದ್ದವಳು. ಬಂದ ವಾರದಲ್ಲಿಯೇ ನನ್ನ ಕೋಣೆಗೆ ಬಂದು, ದಿನಕ್ಕೆ ಒಂದು ತಾಸು ಬೋರ್ಡು ಬಳಸದೆ ಬರಹ ಕಲಿಸಲು ಅಪ್ಪಣೆ ಕೇಳಿದಳು. ನಾನು ಕೊಟ್ಟೆ. ಪ್ರೀತಿಯಿಂದ ಕೊಟ್ಟೆನೇ ಹೊರತು ನಂಬಿಕೆಯಿಂದಲ್ಲ.

ಆ ತಾಸಿನಲ್ಲಿ ಮಕ್ಕಳು ಮೊದಲು ಮಾತಾಡುತ್ತಿದ್ದರು. ನೆಲದ ಮೇಲೆ ದುಂಡಗೆ ಕುಳಿತು ತಮ್ಮ ಮನೆಯ ಮಾತು, ಓಣಿಯ ಮಾತು, ಜಗಳದ ಮಾತು. ಪಕ್ಕದಲ್ಲಿ ಮೂರನೆಯ ತರಗತಿ ನಡೆಸುತ್ತಿದ್ದ ದುಂಡಪ್ಪ ಮಾಸ್ತರರು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದರು: "ಅಕ್ಕಾರ, ನಿಮ್ಮ ವರ್ಗದಾಗ ಪಾಠ ನಡದೈತೋ, ಸಂತಿ ಕೂಡೇತೋ?"

"ಸಂತೀನ ರೀ ಸರ್," ಎಂದಳು ಸುವರ್ಣಾ. "ಹುಡುಗೂರು ಮಾತ ಮಾರಾಕ ಕುಂತಾವ. ನಿಮಗ ಬೇಕಂದ್ರ ತೂಗಿ ಕೊಡತಾವ."

"ನನಗ ಬ್ಯಾಡ ತಂಗಿ. ನಮ್ಮ ವರ್ಗದಾಗ ಬೋರ್ಡಿನ ಮ್ಯಾಲಿಂದು ಪುಕ್ಕಟ ಸಿಗತೈತಿ," ಎಂದು ನಗುತ್ತ ಹೋದರು ಅವರು.

ನಾನು ಕೆಲವು ದಿನ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದೆ. ಭಾಗ್ಯಶ್ರೀ ಎಂಬ ಹುಡುಗಿ ಇದ್ದಳು. ಅವಳ ತಾಯಿ ಮಾಯವ್ವ ಒಂದು ಶೆಡ್ಡಿನಲ್ಲಿ ಕಾಂಡಿ ತುಂಬುವ ಕೆಲಸ ಮಾಡುತ್ತಿದ್ದಳು. ಲಾಳಿಯೊಳಗೆ ಇಡುವ ನೂಲಿನ ಕೋಲುಗಳಿಗೆ ಅಲ್ಲಿ ಕಾಂಡಿ ಎನ್ನುತ್ತಾರೆ. ಅವ್ವನ ಕೆಲಸದ ಬಗ್ಗೆ ಬರೆಯಿರಿ ಎಂದಾಗ ಭಾಗ್ಯಶ್ರೀ ಎರಡು ಸಾಲು ಬರೆದು ತಂದಳು: ನಮ್ಮ ಅವ್ವ ಕಾಂಡಿ ತುಂಬತಾಳ. ಸಂಜಿಕ ಮನೀಗೆ ಬರತಾಳ. ನಾನಾಗಿದ್ದರೆ ಅಕ್ಷರ ತಿದ್ದಿ ಕಳಿಸುತ್ತಿದ್ದೆ. ಸುವರ್ಣಾ ಪೆನ್ನು ಮುಟ್ಟಲಿಲ್ಲ. ಮಗುವಿನ ಪಕ್ಕ ನೆಲದ ಮೇಲೆ ಕುಳಿತು ಕೇಳಿದಳು:

"ಭಾಗ್ಯಾ, ಅವ್ವ ಬಂದಾಳ ಅಂತ ನಿನಗ ಹೆಂಗ ಗೊತ್ತಾಗತೈತಿ?"

"ಒದರತಾಳ್ರಿ."

"ಸಿಟ್ಟಿಗೇನು?"

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಸುವರ್ಣಾ ಕಾದಳು. ಆ ಕಾಯುವಿಕೆಯನ್ನು ನಾನು ಅಂದು ಸಮಯದ ಅಪವ್ಯಯವೆಂದು ತಿಳಿದೆ.

"ಸಿಟ್ಟಲ್ಲರಿ. ಮಗ್ಗದ ಸಪ್ಪಳದಾಗ ದಿನಾ ಒದರಿ ಒದರಿ ಮನ್ಯಾಗೂ ಹಂಗ ಮಾತಾಡತಾಳ. ಲೈಟ ಹೋದಾಗ ಮೆಲ್ಲಕ ಮಾತಾಡತಾಳ. ಆವಾಗ ಅವ್ವ ಬ್ಯಾರೇನ ಅನ್ನಸತೈತಿ."

"ಇದನ್ನ ಬರದಿಯೇನು?"

"ಇದನ್ನೂ ಬರೀಬೇಕೇನ್ರಿ?"

"ಇದನ್ನ ಬರೀಬೇಕು."

ಮೂರನೆಯ ಸಲ ಬರೆದಾಗ ಅದು ಒಂದು ಪುಟವಾಗಿತ್ತು. ಸಾಲುಗಳು ಏರಿಳಿದಿದ್ದವು, ಕಾಗದದ ಮೇಲೆ ಎಣ್ಣೆಯ ಕಲೆ ಇತ್ತು, ಕಾಟು ಹೊಡೆದದ್ದು ಅರ್ಧ. ಆದರೆ ವಿದ್ಯುತ್ತು ಹೋಗಿ ಊರಿನ ಮಗ್ಗಗಳೆಲ್ಲ ನಿಂತ ಒಂದು ಸಂಜೆ, ಅವ್ವ ಮೆಲ್ಲಗೆ ಹೆಸರು ಹಿಡಿದು ಕರೆದದ್ದನ್ನು ಆ ಮಗು ಬರೆದಿತ್ತು. ಅದನ್ನು ನಾನು ಎರಡು ಸಲ ಓದಿದೆ. ಆದರೂ ನಾನು ಹೇಳಿದ್ದೇನು? "ಸುವರ್ಣಾ, ತಾಯಿ ಒದರತಾಳಂತ ಮಕ್ಕಳ ಕಡೆ ಬರಸೂದು ಮರ್ಯಾದಿ ಏನವಾ?"

"ಖರೇ ಬರಸೂದು ಮರ್ಯಾದಿ ಅಲ್ಲೇನ್ರಿ ಗುರುಗಳ?" ಎಂದಳು. ನಾನು ನಕ್ಕು ಹಾಳೆಯನ್ನು ಹಿಂದಕ್ಕೆ ಕೊಟ್ಟೆ.

ಈ ತಾಸಿನ ಸುದ್ದಿ ಮೇಲಿನವರಿಗೆ ಮುಟ್ಟಿತು. ಪಠ್ಯ ಬಿಟ್ಟು ಏನೋ ನಡೆಯುತ್ತಿದೆ ಎಂದು ಒಬ್ಬರು ದೂರಿದರು, ಚೆನ್ನಾಗಿದೆ ಎಂದು ಇನ್ನೊಬ್ಬರು ಹೊಗಳಿದರು. ಕೊನೆಗೆ ಒಂದು ತೀರ್ಮಾನವಾಯಿತು. ಶ್ರಾವಣದ ಕೊನೆಗೆ ಕೊಲ್ಹಾಪುರದಲ್ಲಿ ಶಾಲೆಗಳ ಬರಹ ಪ್ರದರ್ಶನವಿತ್ತು. ಸುವರ್ಣಾಳ ತರಗತಿ ಅಲ್ಲಿ ತನ್ನ ಬರಹಗಳನ್ನು ತೋರಿಸಬೇಕು. ಅಲ್ಲಿ ಒಪ್ಪಿಗೆಯಾದರೆ ಬರಹದ ತಾಸು ವೇಳಾಪಟ್ಟಿಯಲ್ಲಿ ಉಳಿಯುವುದು, ಉಳಿದ ಕನ್ನಡ ಶಾಲೆಗಳಿಗೂ ಹೋಗುವುದು. ಒಪ್ಪದಿದ್ದರೆ ನಿಲ್ಲುವುದು.

ಸುವರ್ಣಾಳಿಗೆ ಭಯವಿರಲಿಲ್ಲ. ಪ್ರತಿ ಮಗುವಿನ ಮೊದಲನೆಯ, ಎರಡನೆಯ, ಮೂರನೆಯ ಕರಡನ್ನು ಮೇಲೆ ತಾರೀಕು ಹಾಕಿ, ಒಟ್ಟಿಗೆ ಹೊಲಿದು, ತಾನೇ ಹೊಲಿದ ಒಂದು ಬಟ್ಟೆಯ ಚೀಲದಲ್ಲಿ ಇಟ್ಟಿದ್ದಳು. "ಮುಗಿದ ಬರಹ ಯಾರರೆ ಬರದ ಕೊಡಬಹುದ್ರಿ ಗುರುಗಳ," ಎಂದಿದ್ದಳು ನನಗೆ. "ಈ ಕರಡು ಯಾರೂ ಮಾಡಿಕೊಡಾಕ ಆಗೂದಿಲ್ಲ. ಮಗು ಎಲ್ಲಿ ನಿಂತಿತ್ತು, ಎಲ್ಲಿಗೆ ಬಂತು ಅನ್ನೂದು ಇದರಾಗ ಕಾಣತೈತಿ."

ಇಷ್ಟು ಸ್ಪಷ್ಟವಾಗಿ ಅವಳು ಹೇಳಿದ್ದಳು. ನನಗೆ ಕೇಳಿಸಿತ್ತು, ತಲೆಗೆ ಹೋಗಿರಲಿಲ್ಲ.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಆಜರಾದಿಂದ ಫೋನು ಬಂತು. ಅವಳ ಅತ್ತೆ ಮಳೆಯಲ್ಲಿ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡಿದ್ದರು. ಸುವರ್ಣಾ ಹೊರಟು ನಿಂತಾಗ ಆ ಚೀಲವನ್ನು ನನ್ನ ಮೇಜಿನ ಮೇಲಿಟ್ಟಳು. "ಇದು ನಿಮ್ಮ ಕಡೆ ಇರಲಿ ಗುರುಗಳ. ನಮ್ಮ ವರ್ಗ ಸೋರತೈತಿ. ನಾ ಸೀದಾ ಕೊಲ್ಲಾಪುರಕ್ಕ ಬರತೇನಿ."

"ನೀ ಚಿಂತಿ ಮಾಡಬ್ಯಾಡ. ಎಲ್ಲಾ ಬರೋಬರಿ ಮಾಡಿ ತರತೇನಿ," ಎಂದೆ.

ಆ ಮಾತನ್ನು ನಾನು ನಡೆಸಿಕೊಟ್ಟೆ. ನನಗೆ ತಿಳಿದ ಅರ್ಥದಲ್ಲಿ. ಅವಳು ಹೋದ ಮೇಲೆ ಚೀಲ ಬಿಚ್ಚಿ ಕರಡುಗಳನ್ನು ಹರವಿದೆ. ಕೊಲ್ಹಾಪುರದ ವಿದ್ವಾಂಸರ ಮುಂದೆ, ಅಂಬಾಬಾಯಿ ದೇವಿಯ ಊರಿನಲ್ಲಿ, ಕಾಟು ಹೊಡೆದ, ಎಣ್ಣೆ ಮೆತ್ತಿದ ಈ ಹಾಳೆಗಳನ್ನು ಇಡುವುದೆಂದರೆ ಮಕ್ಕಳನ್ನು ಹರಕು ಬಟ್ಟೆಯಲ್ಲಿ ದೇವಸ್ಥಾನಕ್ಕೆ ಕರೆದೊಯ್ದಂತೆ ಎನ್ನಿಸಿತು. ನಮ್ಮ ಮಠದ ಪಾಠಶಾಲೆಯಲ್ಲಿ ಕಲಿಯುವವನ ತಪ್ಪನ್ನು ಗುರು ಒಬ್ಬನೇ ನೋಡುತ್ತಿದ್ದ. ಹೊರಗೆ ಹೋಗುವ ಹಾಳೆ ಗುರುವಿನ ಕೈಯಿಂದ ಶುದ್ಧವಾಗಿಯೇ ಹೋಗಬೇಕು. ಎರಡು ಸಂಜೆ ಕುಳಿತು, ಒಂದೊಂದು ಮಗುವಿನ ಬರಹವನ್ನೂ ನಾನೇ ಹೊಸದಾಗಿ ಕಟ್ಟಿದೆ. ಒಳ್ಳೆಯ ಮಾತು, ತೂಕದ ಮಾತು, ಕೊನೆಗೊಂದು ನೀತಿ. ಅದನ್ನು ಮಕ್ಕಳಿಗೆ ಕೊಟ್ಟು, ಬಿಳಿಯ ಹಾಳೆಯಲ್ಲಿ ದುಂಡಗೆ ಇಳಿಸಿಕೊಳ್ಳಲು ಹೇಳಿದೆ.

ಭಾಗ್ಯಶ್ರೀ ನಡುವೆ ಪೆನ್ಸಿಲು ನಿಲ್ಲಿಸಿದಳು. ತಾಯಿಯ ನುಡಿಯು ಜೇನಿಗಿಂತಲೂ ಮಧುರವಾದುದು ಎಂಬ ವಾಕ್ಯದ ಮೇಲೆ ಬೆರಳಿಟ್ಟು, "ಗುರುಗಳ, ನಮ್ಮ ಅವ್ವ ಹಿಂಗ ಮಾತಾಡೂದಿಲ್ಲರಿ," ಎಂದಳು.

"ಬರಿಯವಾ. ಕೊಲ್ಲಾಪುರಕ್ಕ ಹೋಗೂ ಹಾಳಿ ಇದು. ನಿಮ್ಮ ಅವ್ವಗ ಮಾನ ಬರಬೇಕಲ್ಲ," ಎಂದೆ. ಅವಳು ತಲೆ ಬಗ್ಗಿಸಿ ಬರೆದಳು.

ಉಳಿದದ್ದು ಚೀಲ. ನಾನು ಶನಿವಾರ ಗಡಹಿಂಗ್ಲಜದ ಮನೆಗೆ ಹೋಗುವಾಗ ಅದನ್ನೂ ಒಯ್ದೆ. ಅಕ್ಷರವಿದ್ದ ಕಾಗದವನ್ನು ತುಳಿಯಬಾರದು, ರದ್ದಿಗೆ ಹಾಕಬಾರದು, ಸುಡಬಾರದು ಎಂಬುದು ನನ್ನ ಗುರುಗಳ ನೇಮ. ಬಳಸಿ ಮುಗಿದ ಹಾಳೆಗಳನ್ನು ಅವರು ನಿರ್ಮಾಲ್ಯದ ಹೂವಿನೊಡನೆ ಹಿರಣ್ಯಕೇಶಿ ಹೊಳೆಗೆ ಬಿಡುತ್ತಿದ್ದರು. ನಾನೂ ಜೀವಮಾನವಿಡೀ ಹಾಗೆಯೇ ಮಾಡಿದವನು. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಚೀಲವನ್ನೂ ಹೂವನ್ನೂ ಹಿಡಿದು ಹೊಳೆಗೆ ಹೋದೆ. ಕೆಂಪು ನೀರು ದಡ ಮುಟ್ಟಿ ಹರಿಯುತ್ತಿತ್ತು. ನಮಸ್ಕಾರ ಮಾಡಿ, ಹೊಲಿದ ಕಟ್ಟುಗಳನ್ನು ಒಂದೊಂದಾಗಿ ಬಿಟ್ಟೆ. ಮನೆಗೆ ಬರುವಾಗ ಮನಸ್ಸು ಹಗುರವಾಗಿತ್ತು. ಒಂದು ಒಳ್ಳೆಯ ಕೆಲಸವನ್ನು ವಿಧಿಪೂರ್ವಕವಾಗಿ ಮುಗಿಸಿದ ತೃಪ್ತಿ ಅದು.

ಪ್ರದರ್ಶನ ರಂಕಾಳ ಕೆರೆಯ ಸಮೀಪದ ಒಂದು ಸಭಾಗೃಹದಲ್ಲಿತ್ತು. ಭಾಗ್ಯಶ್ರೀಯನ್ನೂ ಇನ್ನು ನಾಲ್ವರು ಮಕ್ಕಳನ್ನೂ ಕರೆದುಕೊಂಡು ಬೇಗನೆ ಹೋಗಿ, ಹಾಳೆಗಳನ್ನು ಸಾಲಾಗಿ ಗೋಡೆಗೆ ಹಚ್ಚಿದೆ. ಆಜರಾದ ಬಸ್ಸಿಳಿದ ಸುವರ್ಣಾ ತೊಯ್ದ ಸೆರಗನ್ನು ಹಿಂಡಿಕೊಳ್ಳುತ್ತ ಬಂದಳು. ಬಂದವಳೇ, "ಚೀಲ ತಂದೀರೇನ್ರಿ ಗುರುಗಳ?" ಎಂದಳು.

"ಅದು ಬ್ಯಾಡವಾ ಈಗ. ಇವನ್ನ ನೋಡು."

ಅವಳು ಗೋಡೆಯ ಉದ್ದಕ್ಕೂ ನಡೆದು ಓದಿದಳು. ಮೊದಲ ಹಾಳೆಯನ್ನು ಪೂರ್ತಿ, ಎರಡನೆಯದನ್ನು ಅರ್ಧ, ಆಮೇಲಿನವನ್ನು ಒಂದೊಂದು ಸಾಲು. ತಿರುಗಿ ಬಂದು ಮೆಲ್ಲಗೆ ಕೇಳಿದಳು: "ಕರಡು ಎಲ್ಲಿ ಅದಾವ್ರಿ?"

"ಹೊಳಿಗೆ ಬಿಟ್ಟೇನಿ. ಅಕ್ಷರದ ಹಾಳಿ, ಕಾಲಾಗ ಬರಬಾರದಂತ."

ಅವಳು ಅಲ್ಲಿದ್ದ ಬೆಂಚಿನ ಮೇಲೆ ಕುಳಿತುಕೊಂಡಳು. ಮಕ್ಕಳು ಅವಳ ಹತ್ತಿರ ಹೋಗಿ ನಿಂತವು.

ನೋಡಲು ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು, ಗಡಿಯ ಕಡೆಯವರು, ಕನ್ನಡ ಬಲ್ಲವರು. ಕನ್ನಡಕ ಏರಿಸಿಕೊಂಡು ಆರೇಳು ಹಾಳೆ ಓದಿದರು. ಮೊದಲು ಮುಗುಳ್ನಕ್ಕರು, ಆಮೇಲೆ ಜೊತೆಯವರ ಕಡೆ ತಿರುಗಿ ಹೇಳಿದರು: "ಈ ವರ್ಗದಾಗ ಎಲ್ಲಾ ಮಕ್ಕಳಿಗೂ ಒಬ್ಬಾಕೀನ ಅವ್ವ ಅದಾಳೇನ್ರಿ?"

ಸುತ್ತ ನಿಂತವರು ನಕ್ಕರು. ಅಧಿಕಾರಿ ಭಾಗ್ಯಶ್ರೀಯನ್ನು ಹತ್ತಿರ ಕರೆದರು. "ನಿಮ್ಮ ಅವ್ವ ಹೆಂಗ ಮಾತಾಡತಾಳವಾ?"

"ಜೋರ ಮಾತಾಡತಾಳ್ರಿ."

"ಮತ್ತ ಇಲ್ಲಿ ಜೇನು ಅಂತ ಬರದಿಯಲ್ಲ?"

"ಅದು ನಾ ಬರದದ್ದಲ್ಲರಿ. ನಾ ಬರದದ್ದು ಬ್ಯಾರೆ ಇತ್ತು."

ಅಧಿಕಾರಿ ಸುವರ್ಣಾಳ ಕಡೆ ತಿರುಗಿದರು. ನಗು ಹೋಗಿತ್ತು. "ಅಕ್ಕಾರ, ಮಕ್ಕಳ ಕಚ್ಚಾ ಬರಹ ತೋರಸ್ರಿ." ಸುವರ್ಣಾ ಮೊಬೈಲಿನಲ್ಲಿ ಇದ್ದ ಎರಡು ಹಾಳೆಗಳ ಫೋಟೋ ತೋರಿಸಿದಳು. "ಎರಡ ಫೋಟೋದಾಗ ಇಡೀ ವರ್ಗ ಹೆಂಗ ಕಾಣಬೇಕು? ಅಸಲ ಎಲ್ಲಿ ಅದಾವ?"

ಸುವರ್ಣಾ ನನ್ನನ್ನು ನೋಡಿದಳು. ಬೆರಳು ಮಾಡಲಿಲ್ಲ, ಹೆಸರು ಹೇಳಲಿಲ್ಲ; ಸುಮ್ಮನೆ ನೋಡಿದಳು. ಹಿರಿಯರ ಎದುರು ಹಿರಿಯರ ಮೇಲೆ ದೂರು ಹೇಳುವ ಮನೆಯಲ್ಲಿ ಬೆಳೆದವಳಲ್ಲ ಅವಳು. ಹೇಳಬೇಕಾದವನು ನಾನು. ನಾನು ಬಾಯಿ ತೆರೆದೆ.

"ಮಳಿಗಾಲ ರೀ ಮೇಡಂ. ಆ ವರ್ಗ ಸೋರತೈತಿ. ಹಾಳಿ ಉಳದಿಲ್ಲ."

ಈ ಮೂರು ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಮಳೆಗಾಲವಿತ್ತು, ತರಗತಿ ಸೋರುತ್ತಿತ್ತು, ಹಾಳೆಗಳು ಉಳಿದಿರಲಿಲ್ಲ. ಮೂರೂ ಸತ್ಯಗಳನ್ನು ಸೇರಿಸಿ ನಾನು ಒಂದು ಅಸತ್ಯವನ್ನು ಕಟ್ಟಿದೆ. ಪದ ಜೋಡಿಸುವ ವಿದ್ಯೆಯನ್ನು ಅಷ್ಟು ವರ್ಷ ಕಲಿತದ್ದು ಅಂದು ಆ ಕೆಲಸಕ್ಕೆ ಬಂತು.

"ತಿದ್ದಿದವರು ಯಾರು? ನೀವೇನು?" ಎಂದು ಅವರು ನನ್ನನ್ನೇ ಕೇಳಿದರು.

"ಹಿರೇರ ಮಾರ್ಗದರ್ಶನ ಇದ್ದೇ ಇರತೈತ್ರಿ," ಎಂದೆ.

ಅವರು ಅಲ್ಲಿಯೇ ಕುಳಿತು ಅಭಿಪ್ರಾಯ ಬರೆದರು. ಬರಹಗಳು ಮಕ್ಕಳವಲ್ಲ, ಶಿಕ್ಷಕಿಯೇ ಬರೆದುಕೊಟ್ಟದ್ದು, ಕಲಿಕೆಯ ಪುರಾವೆ ಇಲ್ಲ, ಈ ತಾಸನ್ನು ಮುಂದುವರಿಸುವ ಕಾರಣ ಕಾಣುವುದಿಲ್ಲ. ಕೆಳಗೆ ಮುಖ್ಯಾಧ್ಯಾಪಕರ ಸಹಿ ಬೇಕಿತ್ತು. ನನ್ನ ಪೆನ್ನು ಕಿಸೆಯಲ್ಲಿ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸುವರ್ಣಾ ತನ್ನದನ್ನು ಮುಂದೆ ಹಿಡಿದಳು. ಅದರಲ್ಲಿಯೇ ಸಹಿ ಮಾಡಿದೆ. ಹಿಂದಕ್ಕೆ ಕೊಟ್ಟಾಗ ಅವಳು ಮುಚ್ಚಳ ಹಾಕಿ ಪರ್ಸಿನಲ್ಲಿ ಇಟ್ಟುಕೊಂಡಳು.

ಯಾಕೆ ಹಾಗೆ ಮಾಡಿದೆ ಎಂದು ನನ್ನನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ನಿವೃತ್ತಿಗೆ ಕೆಲವೇ ತಿಂಗಳು ಇದ್ದವು. ನನ್ನ ಸೇವಾ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆ ಇರಲಿಲ್ಲ. ಹಳೆಯ ವಿದ್ಯಾರ್ಥಿಗಳು ಸತ್ಕಾರದ ಸಿದ್ಧತೆ ನಡೆಸಿದ್ದರು. ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡೆ. ದೊಡ್ಡ ಕಾರಣಗಳು ಯಾವುವೂ ಇರಲಿಲ್ಲ. ಇಷ್ಟೇ.

ಮರುವಾರ ಮಾಯವ್ವ ಶಾಲೆಗೆ ಬಂದಳು. ಅಂಗಳದಲ್ಲಿ ನಿಂತು ಅವಳು ಕೇಳಿದ್ದು ಎಲ್ಲ ತರಗತಿಗಳಿಗೂ ಕೇಳಿಸಿತು: "ಗುರುಗಳ, ನನ್ನ ಮಗಳು ಕೊಲ್ಲಾಪುರದಾಗ ಏನ ತಪ್ಪ ಮಾಡ್ಯಾಳ್ರಿ? ಬಂದಾಗಿಂದ ಸುಮ್ಮ ಅದಾಳ."

"ಸಿಟ್ಟ ಮಾಡಬ್ಯಾಡ ತಾಯಿ," ಎಂದೆ.

"ಸಿಟ್ಟಿಲ್ಲರಿ. ನನ್ನ ದನೀನ ಹಿಂಗ."

ಮಗಳು ಏನೂ ತಪ್ಪು ಮಾಡಿಲ್ಲ ಎಂದೆ. ತಪ್ಪು ಮಾಡಿದವನು ಯಾರೆಂದು ಅವಳಿಗೂ ಹೇಳಲಿಲ್ಲ. ಬೇಗ ಕೆಲಸಕ್ಕೆ ಹೋಗಬೇಕಿತ್ತು, ಅವಳು ಹೋದಳು.

ಬರಹದ ತಾಸು ನಿಂತಿತು. ದೀಪಾವಳಿ ಸೂಟಿ ಮುಗಿಯುವ ಹೊತ್ತಿಗೆ ಸುವರ್ಣಾಳನ್ನು ಬಿದ್ರಿಯ ಕಡೆಯ ಒಂದು ಶಾಲೆಗೆ ಕಳಿಸಿದರು. ಅದು ಮರಾಠಿ ಶಾಲೆ, ಅಲ್ಲಿ ಕನ್ನಡವೇ ಇಲ್ಲ. ಹೋಗುವ ದಿನ ಮಕ್ಕಳು ಅತ್ತವು. ಅವಳು ನನ್ನ ಕಾಲು ಮುಟ್ಟಿ ನಮಸ್ಕರಿಸಿ ಹೋದಳು.

ಪಶ್ಚಾತ್ತಾಪದಿಂದ ನಾನು ಒಂದು ದಿನ ನಾಲ್ಕನೆಯ ತರಗತಿಗೆ ಹೋಗಿ, ನಿಮಗೆ ಇಷ್ಟ ಬಂದದ್ದನ್ನು ಬರೆಯಿರಿ ಎಂದೆ. ಮಕ್ಕಳು ಬೋರ್ಡಿನ ಕಡೆ ನೋಡುತ್ತ ಕುಳಿತವು. ಭಾಗ್ಯಶ್ರೀ ಖಾಲಿ ವಹಿ ಹಿಡಿದು ನನ್ನ ಬಳಿಗೆ ಬಂದಳು. "ನೀವ ಬರದ ಕೊಡ್ರಿ ಗುರುಗಳ. ನಾ ನೋಡಿ ಬರಕೋತೇನಿ."

"ನಿಂದ ನೀ ಬರಿಯವಾ."

"ಆಮ್ಯಾಲ ನೀವು ಮತ್ತ ಬರೀತೀರಲ್ಲರಿ. ಮೊದಲ ಬರದ ಕೊಟ್ಟರ ಚಲೋ."

ಅದರಲ್ಲಿ ಉದ್ಧಟತನ ಇರಲಿಲ್ಲ, ನೋವೂ ಇರಲಿಲ್ಲ. ಎರಡು ಸಲ ಕೆಲಸವೇಕೆ ಎಂಬ ಸರಳ ವಿವೇಕ. ನಾನು ವಹಿ ತೆಗೆದುಕೊಂಡೆ. ಬಹಳ ಹೊತ್ತು ಹಿಡಿದುಕೊಂಡು, ಏನನ್ನೂ ಬರೆಯದೆ ಹಿಂದಕ್ಕೆ ಕೊಟ್ಟೆ. ಅವಳು ಕುಳಿತು ಗಂಟೆ ಬಾರಿಸುವುದನ್ನು ಕಾದಳು.

ನನ್ನ ಸತ್ಕಾರ ಚೆನ್ನಾಗಿ ಆಯಿತು. ಶಾಲು ಹೊದಿಸಿದರು, ಕಾಯಿ ಕೊಟ್ಟರು. ಮಕ್ಕಳಿಗೆ ಶುದ್ಧ ಬರಹ ಕಲಿಸಿದ ಮಹನೀಯರು ಎಂದು ದುಂಡಪ್ಪ ಮಾಸ್ತರರು ಭಾಷಣ ಮಾಡಿದರು. ಅದಾದ ತಿಂಗಳಲ್ಲಿ ನಾನು ಕೊಲ್ಹಾಪುರಕ್ಕೆ ಹೋಗಿ, ಅದೇ ಅಧಿಕಾರಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

"ಆವತ್ತ ನಾ ನಿಮ್ಮನ್ನ ಕೇಳಿದ್ದೆ," ಎಂದರು. "ನಿವೃತ್ತಿ ಆದ ಮ್ಯಾಲೆ ಖರೆ ಹೇಳಾಕ ಬಂದೀರಿ. ಫೈಲ ಬಂದ್ ಆಗೇತ್ರಿ. ಬರದ ಕೊಡ್ರಿ, ಅದಕ್ಕ ಹಚ್ಚಿ ಇಡತೇನಿ."

ಬರೆದು ಕೊಟ್ಟೆ. ಅವರು ಹಚ್ಚಿ ಇಟ್ಟಿರಬೇಕು. ಏನೂ ಬದಲಾಗಲಿಲ್ಲ.

ಕಬ್ಬು ಕಡಿಯುವ ಕಾಲದಲ್ಲಿ ಬಿದ್ರಿಗೆ ಹೋದೆ. ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಶಾಲೆಯ ಬಾಗಿಲಲ್ಲಿ ನಿಂತಾಗ ಸುವರ್ಣಾ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಮರಾಠಿಯಲ್ಲಿ, ಮುತ್ತಿನಂಥ ಅಕ್ಷರಗಳಲ್ಲಿ, ನನ್ನ ತಾಯಿ ಎಂಬ ಪ್ರಬಂಧ. ಮಕ್ಕಳು ತಲೆ ಎತ್ತಿ ನೋಡಿ, ತಲೆ ಬಗ್ಗಿಸಿ ಇಳಿಸಿಕೊಳ್ಳುತ್ತಿದ್ದವು. ನನ್ನನ್ನು ಕಂಡು ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಬಂದಳು, ಕುರ್ಚಿ ಹಾಕಿಸಿದಳು, ಚಹಾ ತರಿಸಿದಳು. ಅತ್ತೆಯವರು ಈಗ ಕೋಲು ಹಿಡಿದು ನಡೆಯುತ್ತಾರೆ ಎಂದಳು.

"ಇಲ್ಲಿ ಹೆಂಗೈತಿ?" ಎಂದೆ.

"ಎಲ್ಲಾ ಬರೋಬರಿ ಐತ್ರಿ. ವಹಿಯೊಳಗ ಒಂದ ತಪ್ಪಿಲ್ಲ."

ನಾನು ಕೈಮುಗಿದು, ನನ್ನಿಂದ ತಪ್ಪಾಯಿತು ಎಂದೆ. ಅಧಿಕಾರಿಗೆ ಬರೆದು ಕೊಟ್ಟದ್ದನ್ನೂ ಹೇಳಿದೆ. ಅವಳು ಕೈಗೆ ಹತ್ತಿದ ಸುಣ್ಣವನ್ನು ಸೆರಗಿಗೆ ಒರಸಿಕೊಂಡಳು.

"ಕರಡು ಹೊಳಿಗೆ ಬಿಟ್ಟದ್ದು ನನಗ ತಿಳೀತೈತ್ರಿ ಗುರುಗಳ. ನೀವು ಕಲತದ್ದ ಹಂಗ, ಭಕ್ತಿಲೇ ಮಾಡೀರಿ. ಅದರ ಸಿಟ್ಟ ನನಗಿಲ್ಲ. ಆದರ ನನ್ನ ಪೆನ್ನ ತಗೊಂಡು, ನನ್ನ ಮುಂದ ನಿಂತು ಸಹಿ ಮಾಡಿದ್ರಲ್ಲರಿ. ನೀವು ಇಷ್ಟ ಓದಿದವರು. ಅದು ಯಾವ ಶಾಸ್ತ್ರದಾಗ ಬರತೈತಿ, ಹೇಳ್ರಿ. ನಾ ಭಾಳ ವಿಚಾರ ಮಾಡೇನಿ, ನನಗ ಸಿಕ್ಕಿಲ್ಲ."

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

"ಕ್ಷಮಾ ಮಾಡವಾ," ಎಂದೆ.

"ಚಾ ಆರತೈತಿ. ಕುಡೀರಿ," ಎಂದಳು ಅವಳು.

ಕುಡಿದು ಎದ್ದೆ. ಒಳಗೆ ಮಕ್ಕಳು ಮುಂದಿನ ಸಾಲಿಗಾಗಿ ಕಾಯುತ್ತಿದ್ದವು.

ಬರಹ ಕಲಿಸುವುದೆಂದರೆ ಮಗುವಿನ ಪಕ್ಕದಲ್ಲಿ ಕೂರುವುದು, ಒಂದು ಪ್ರಶ್ನೆ ಕೇಳುವುದು, ಉತ್ತರ ಬರುವವರೆಗೆ ಪೆನ್ನು ಮುಟ್ಟದೆ ಕಾಯುವುದು ಎಂದು ನಾನು ಕಲಿತೆ. ಆ ಪಾಠವನ್ನು ನನಗೆ ಕಲಿಸಿದವಳು ನನಗಿಂತ ಮೂವತ್ತು ವರ್ಷ ಚಿಕ್ಕವಳು. ಕಲಿತು ಮುಗಿಯುವ ಹೊತ್ತಿಗೆ ನನಗೆ ತರಗತಿ ಉಳಿದಿರಲಿಲ್ಲ. ಅವಳಿಗೆ ತರಗತಿ ಇತ್ತು, ಕಲಿಸುವ ಮನಸ್ಸನ್ನು ನಾನು ಉಳಿಸಿರಲಿಲ್ಲ.

ಈಗ ಹರಸುವ ಅಧಿಕಾರ ನನಗಿದೆಯೋ ಇಲ್ಲವೋ ತಿಳಿಯದು. ವಯಸ್ಸು ಕೊಟ್ಟ ಅಧಿಕಾರವೊಂದಿದೆ, ಅದರಿಂದಲೇ ಹರಸುತ್ತೇನೆ. ನಗುತ್ತಲೇ ಸತ್ಯವನ್ನು ಕಂಡುಹಿಡಿದ ಆ ಅಧಿಕಾರಿಗೆ ಶುಭವಾಗಲಿ. ಅವರು ಅಂದು ತಮ್ಮ ಕಣ್ಣಿಗೆ ಕಂಡದ್ದನ್ನೇ ಬರೆದರು. ನೆರೆಯ ಬಾಗಿಲಲ್ಲಿ ನಿಂತು ನಗಿಸಿದ ದುಂಡಪ್ಪ ಮಾಸ್ತರರಿಗೆ ಆಯುರಾರೋಗ್ಯ ಇರಲಿ. ಮಾಯವ್ವನ ಕೈಗಳಿಗೆ ಬಲವಿರಲಿ, ಅವಳ ದನಿ ತಗ್ಗದಿರಲಿ. ನೆಲದ ಮೇಲೆ ದುಂಡಗೆ ಕುಳಿತಿದ್ದ ಆ ಮಕ್ಕಳೆಲ್ಲ ಬಾಳಿ ಬದುಕಲಿ. ಇಷ್ಟರಲ್ಲಿ ದೊಡ್ಡ ಶಾಲೆಗೆ ಹೋಗಿರುವ ಭಾಗ್ಯಶ್ರೀಗೆ ಯಾರಾದರೂ ಒಬ್ಬರು, ಖಾಲಿ ಹಾಳೆಯನ್ನು ಖಾಲಿಯಾಗಿಯೇ ಕೊಡುವವರು, ಸಿಗಲಿ. ಸುವರ್ಣಾಳಿಗೆ ಸಕಲ ಸನ್ಮಂಗಳವಾಗಲಿ. ಹಿರಿಯನೊಬ್ಬ ಕೈಮುಗಿದು ನಿಂತನಲ್ಲಾ ಎಂಬ ಕಾರಣಕ್ಕೆ, ಅವನನ್ನು ಕ್ಷಮಿಸಬೇಕೆಂಬ ಭಾರ ಮಾತ್ರ ಅವಳ ಮೇಲೆ ಬೀಳದಿರಲಿ.